ಹುಲ್ಲೆಯ ಜಾಡು, ಮಂದಬೆಳಕಿನ ಕಣ್ಣು: ಇರುಳಿನ ಜಿಂಕೆ ವೀಕ್ಷಣೆಯ ಒಂದು ಜಾನಪದೀಯ ವಿವೇಚನೆ

ಸಂಸ್ಕೃತದ ‘ಮೃಗ್’ ಧಾತುವಿಗೆ ಅರಸು, ಹುಡುಕು ಎಂಬ ಅರ್ಥವಿದೆ. ‘ಮೃಗ’, ‘ಮೃಗಯಾ’ ಎಂಬ ಪದಗಳನ್ನು ವೈಯಾಕರಣರು ಈ ಧಾತುವಿನಿಂದಲೇ ಸಾಧಿಸುತ್ತಾರೆ. ‘ಮಾರ್ಗ’ ಎಂಬ ಪದವನ್ನೂ ನಿಘಂಟುಗಳು ಇದೇ ಕುಲಕ್ಕೆ ಸೇರಿಸುತ್ತವೆ. ಅದು ಮೊದಲು ಮೃಗ ನಡೆದ ಜಾಡು, ಆಮೇಲೆ ಮನುಷ್ಯ ನಡೆದ ದಾರಿ. ‘ಮೃಗ’ವೆಂದರೆ ಕಾಡುಪ್ರಾಣಿ ಎಂಬ ಸಾಮಾನ್ಯಾರ್ಥವೂ ಉಂಟು, ಜಿಂಕೆ ಎಂಬ ವಿಶೇಷಾರ್ಥವೂ ಉಂಟು. ಇಂಗ್ಲಿಷಿನ ‘ಡಿಯರ್’ ಪದವೂ ಪ್ರಾಚೀನ ರೂಪದಲ್ಲಿ ಪ್ರಾಣಿಮಾತ್ರಕ್ಕೆ ಸಲ್ಲುತ್ತಿದ್ದು, ಕಾಲಾಂತರದಲ್ಲಿ ಜಿಂಕೆಗೆ ಸೀಮಿತವಾಯಿತು. ಕನ್ನಡವಾದರೋ ಎರಳೆ, ಹುಲ್ಲೆ, ಜಿಂಕೆ, ಕಡವೆ, ಕಾಡುಕುರಿ ಎಂದು ಬೇರೆಬೇರೆ ಹೆಸರುಗಳನ್ನು ಉಳಿಸಿಕೊಂಡಿದೆ. ಅರಸುವ ಕ್ರಿಯೆ, ಅರಸಲ್ಪಡುವ ಪ್ರಾಣಿ ಮತ್ತು ಅದು ನಡೆದ ಹಾದಿ, ಈ ಮೂರೂ ಒಂದೇ ಪದಕುಲದಲ್ಲಿ ಕೂಡಿರುವುದು ಪ್ರಸ್ತುತ ವಿಷಯಕ್ಕೆ ಒಳ್ಳೆಯ ಪ್ರವೇಶವಾಗಿದೆ.

ಜಿಂಕೆಯ ಜಾಡಿನಲ್ಲಿ ಈಗ ಕಾದು ಕುಳಿತಿರುವುದು ಬೇಟೆಗಾರನಲ್ಲ. ಮರದ ಕಾಂಡಕ್ಕೆ ಪಟ್ಟಿಯಿಂದ ಬಿಗಿದ ಒಂದು ಸಣ್ಣ ಪೆಟ್ಟಿಗೆ. ಕ್ಯಾಮೆರಾ ಟ್ರ್ಯಾಪ್ ಎಂದು ಕರೆಯಲಾಗುವ ಈ ಉಪಕರಣವನ್ನು, ಅದರಲ್ಲಿಯೂ ಮಂದಪ್ರಭೆಯ ಅವಗೆಂಪು ದೀಪಗಳಿರುವ ಬಗೆಯನ್ನು, ಇದುವರೆಗೆ ಹೆಚ್ಚಾಗಿ ವನ್ಯಜೀವಿ ವಿಜ್ಞಾನದ ಸಾಧನವಾಗಿಯೇ ಪರಿಗಣಿಸಲಾಗಿದೆ. ಅದು ಬೇಟೆಯ ಜನಪದ ತಂತ್ರಗಳಿಂದ ಹುಟ್ಟಿ ಬಂದ ಬಗೆ, ಅದರ ಕಾರ್ಯವಿಧಾನ ಮತ್ತು ಅದು ಕಾಡಿನ ಜನರ ಮೌಖಿಕ ಪರಂಪರೆಯ ಮೇಲೆ ಬೀರುತ್ತಿರುವ ಪರಿಣಾಮವನ್ನು ಇಲ್ಲಿ ಪರಿಶೀಲಿಸಲಾಗಿದೆ.

ದೋಣಿಯ ಮೂತಿಯ ಬೆಂಕಿ

ಉತ್ತರ ಅಮೆರಿಕದ ಮಹಾಸರೋವರಗಳ ಪ್ರದೇಶದ ಮೂಲನಿವಾಸಿಗಳಾದ ಒಜಿಬ್ವೆ ಜನರಲ್ಲಿ ಇರುಳು ಬೇಟೆಯ ಒಂದು ಕ್ರಮವಿತ್ತು. ದೋಣಿಯ ಮುಂತುದಿಯಲ್ಲಿ ಬೆಂಕಿಯ ಪಾತ್ರೆಯನ್ನಿಟ್ಟು, ಸದ್ದಾಗದಂತೆ ಹುಟ್ಟುಹಾಕುತ್ತ ದಡದಂಚಿನಲ್ಲಿ ಸಾಗುವುದು; ನೀರಿಗೆ ಬಂದ ಜಿಂಕೆ ಬೆಳಕನ್ನೇ ದಿಟ್ಟಿಸುತ್ತ ನಿಲ್ಲುವುದು; ಬೆಳಕಿನ ಹಿಂದಿನ ಕತ್ತಲೆಯಲ್ಲಿ ಕುಳಿತ ಬೇಟೆಗಾರ ಅದಕ್ಕೆ ಕಾಣಿಸದಿರುವುದು. ಜಿಂಕೆಯ ಅಕ್ಷಿಪಟಲದ ಹಿಂದಿರುವ ಪ್ರತಿಫಲಕ ಪದರ ಬೆಳಕನ್ನು ಮರಳಿ ಚಿಮ್ಮಿಸುವುದರಿಂದ ಕಣ್ಣುಗಳೆರಡೂ ಕೆಂಡದಂತೆ ಹೊಳೆದು ಗುರಿಯನ್ನು ತೋರಿಸಿಕೊಡುತ್ತಿದ್ದವು. ಇದೇ ಜನ ದೀವಟಿಗೆಯ ಬೆಳಕಿನಲ್ಲಿ ಮೀನನ್ನೂ ಹಿಡಿಯುತ್ತಿದ್ದುದರಿಂದ ಫ್ರೆಂಚ್ ವರ್ತಕರು ವಿಸ್ಕಾನ್ಸಿನ್‌ನ ಒಂದು ನೆಲೆಯನ್ನು ‘ಲಾಕ್ ದು ಫ್ಲಾಂಬೊ’, ಎಂದರೆ ದೀವಟಿಗೆಗಳ ಸರೋವರ, ಎಂದು ಕರೆದರು. ಆ ಸ್ಥಳನಾಮ ಇಂದಿಗೂ ಬಳಕೆಯಲ್ಲಿದೆ.

ಪೆನ್ಸಿಲ್ವೇನಿಯಾದ ನ್ಯಾಯವಾದಿಯಾಗಿದ್ದ ಜಾರ್ಜ್ ಶೀರಾಸ್ (1859–1942) ಈ ಕ್ರಮವನ್ನು ಮೊದಲು ಬೇಟೆಗೆ, ಅನಂತರ ಛಾಯಾಗ್ರಹಣಕ್ಕೆ ಅಳವಡಿಸಿಕೊಂಡನು. ಮಿಷಿಗನ್‌ನ ವೈಟ್‌ಫಿಶ್ ಸರೋವರದಲ್ಲಿ 1890ರ ದಶಕದಲ್ಲಿ ಅವನು ದೋಣಿಯ ಮುಂತುದಿಯಲ್ಲಿ ದೀಪದೊಂದಿಗೆ ಕ್ಯಾಮೆರಾವನ್ನೂ ಹೂಡಿ, ಬಂದೂಕಿನ ಕುದುರೆ ಎಳೆಯುವ ಕ್ಷಣದಲ್ಲಿ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ ಚಿತ್ರ ತೆಗೆದನು. ಮುಂದೆ ಇನ್ನೊಂದು ಹೆಜ್ಜೆ ಹೋಗಿ, ಜಾಡಿಗೆ ಅಡ್ಡವಾಗಿ ದಾರ ಕಟ್ಟಿ, ಪ್ರಾಣಿ ಎಡವಿದೊಡನೆ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದನು. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಅವನ 74 ಚಿತ್ರಗಳನ್ನು ಪ್ರಕಟಿಸಿತು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಅಡ್ಡದಾರದ ವಿಧಾನದಿಂದ ಹುಲಿಯ ಚಿತ್ರಗಳನ್ನು ತೆಗೆದು 1927ರಲ್ಲಿ ಪುಸ್ತಕವನ್ನು ಹೊರತಂದನು.

ಅಡ್ಡದಾರದ ಕ್ಯಾಮೆರಾ ರಚನೆಯಲ್ಲಿ ಉರುಲಿಗೆ ತೀರ ಸಮೀಪದ್ದು ಎಂಬುದನ್ನು ಇಲ್ಲಿ ಗಮನಿಸಬೇಕು. ಎರಡಕ್ಕೂ ಬೇಕಾಗುವುದು ಪ್ರಾಣಿ ಯಾವ ಎಡೆಯಲ್ಲಿ, ಯಾವ ಎತ್ತರದಲ್ಲಿ, ಯಾವ ಹೊತ್ತಿನಲ್ಲಿ ಹಾಯುತ್ತದೆ ಎಂಬ ತಿಳಿವಳಿಕೆ. ಛಾಯಾಗ್ರಹಣದ ಚರಿತ್ರೆಗಳು ಶೀರಾಸ್‌ನ ಹೆಸರನ್ನು ವಿವರವಾಗಿ ಹೇಳಿ ಒಜಿಬ್ವೆ ಜನರನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಜಾನಪದ ಅಧ್ಯಯನಕ್ಕೆ ಇದೇನೂ ಹೊಸ ಅನುಭವವಲ್ಲ.

ದೀವ, ದನಿ, ಗಾಳಿ

ಕನ್ನಡನಾಡಿನ ಬೇಟೆಯ ಪರಿಭಾಷೆಯಲ್ಲಿ ಬೆಳಕಿಗಿಂತ ಹೆಚ್ಚು ಎದ್ದು ಕಾಣುವುದು ವಂಚನೆಯ ಮೃಗ. ಪಳಗಿಸಿದ ಹುಲ್ಲೆಯನ್ನು ಮುಂದೆ ಬಿಟ್ಟು ಕಾಡಿನ ಹುಲ್ಲೆಯನ್ನು ಸೆಳೆಯುವ ಪದ್ಧತಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರಿದೆ. ‘ದೀಹ’ ಅದರ ನಂತರದ ರೂಪ. ಬಲೆ, ಉರುಲು, ನೀರಿನೆಡೆಯ ಅಟ್ಟಣೆ, ಗಾಳಿಗೆ ಎದುರಾಗಿ ನಡೆಯುವ ಎಚ್ಚರ, ಇವು ಆ ವಿದ್ಯೆಯ ಉಳಿದ ಅಂಗಗಳು. ಇಂದ್ರಿಯಗಳಿಗೆ ಸೋತು ಕೆಡುವ ಐದು ಜೀವಿಗಳ ನೀತಿದೃಷ್ಟಾಂತವೂ ಇಲ್ಲಿ ಸ್ಮರಣೀಯ. ಅದರಲ್ಲಿ ಬೆಳಕಿಗೆ ಸೋಲುವುದು ಪತಂಗ, ಸ್ಪರ್ಶಕ್ಕೆ ಆನೆ, ರುಚಿಗೆ ಮೀನು, ಗಂಧಕ್ಕೆ ದುಂಬಿ. ಜಿಂಕೆ ಸೋಲುವುದು ನಾದಕ್ಕೆ. ಜಿಂಕೆಯ ಬಾಳಿನಲ್ಲಿ ಕಿವಿಗೆ ಮೊದಲ ಸ್ಥಾನವೆಂಬ ಈ ಗ್ರಹಿಕೆ ಕೇವಲ ಕವಿಸಮಯವಲ್ಲ. ಮುಂದೆ ಉಪಕರಣದ ಚರ್ಚೆಯಲ್ಲಿ ಇದು ಮತ್ತೆ ಎದುರಾಗುತ್ತದೆ. ಬ್ಯಾಟರಿ ದೀಪ ಬಂದ ಮೇಲೆ ಇರುಳು ಶಿಕಾರಿ ಇಲ್ಲಿಯೂ ಹಬ್ಬಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ಅಪರಾಧವಾಗಿ, ಆ ವಿದ್ಯೆಯ ಪರಿಭಾಷೆಯನ್ನು ಬಾಯಿಬಿಟ್ಟು ಹೇಳುವುದಕ್ಕೂ ಹಿರಿಯರು ಹಿಂಜರಿಯುವ ಸ್ಥಿತಿ ಒದಗಿತು. ಸಂಗ್ರಹಕಾರರಿಗೆ ಇದು ದೊಡ್ಡ ತೊಡಕು.

ಉಪಕರಣದ ಕಾರ್ಯವಿಧಾನ

ಇಂದಿನ ಕ್ಯಾಮೆರಾದಲ್ಲಿ ದಾರದ ಕೆಲಸವನ್ನು ಶಾಖಸಂವೇದಕ ಮಾಡುತ್ತದೆ. ಪ್ರತಿಯೊಂದು ಜೀವಿಯ ಮೈಯಿಂದಲೂ ಅವಗೆಂಪು ವಿಕಿರಣ ಹೊಮ್ಮುತ್ತಿರುತ್ತದೆ. ಸಸ್ತನಿಗಳ ಮೈಶಾಖಕ್ಕೆ ಸಂಬಂಧಿಸಿದ ತರಂಗಾಂತರ ಸುಮಾರು 8ರಿಂದ 14 ಮೈಕ್ರೊಮೀಟರ್‌ಗಳ ನಡುವಿನದು. ಸಂವೇದಕದ ಮುಂದಿನ ಪ್ಲಾಸ್ಟಿಕ್ ಮಸೂರ ಎದುರಿನ ಅವಕಾಶವನ್ನು ಹಲವು ಪಟ್ಟಿಗಳಾಗಿ ವಿಭಜಿಸುತ್ತದೆ. ಸುತ್ತಣ ಶಾಖಕ್ಕಿಂತ ಭಿನ್ನ ಶಾಖದ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಉಂಟಾಗುವ ವ್ಯತ್ಯಾಸವೇ ಕ್ಯಾಮೆರಾವನ್ನು ಎಚ್ಚರಿಸುತ್ತದೆ. ಎಂದರೆ ಅದು ಗುರುತಿಸುವುದು ಪ್ರಾಣಿಯನ್ನಲ್ಲ, ಚಲಿಸುವ ಶಾಖಭೇದವನ್ನು. ನೇರವಾಗಿ ಕ್ಯಾಮೆರಾದ ಕಡೆಗೇ ನಡೆದು ಬರುವ ಜಿಂಕೆಗಿಂತ ಅಡ್ಡ ಹಾಯುವ ಜಿಂಕೆ ಸುಲಭವಾಗಿ ಸಿಕ್ಕುತ್ತದೆ. ಬೇಸಗೆಯ ಮಧ್ಯಾಹ್ನ ನೆಲದ ಬಿಸಿ ಮೈಬಿಸಿಯನ್ನು ಮುಟ್ಟಿದಾಗ ಸಂವೇದಕ ಮಂಕಾಗುತ್ತದೆ. ಬಿಸಿಲು ತಾಗಿದ ಹುಲ್ಲು ಗಾಳಿಗೆ ಓಲಾಡಿದರೆ ವೃಥಾ ಚಿತ್ರಗಳು ತುಂಬಿಕೊಳ್ಳುತ್ತವೆ.

ಇರುಳಿನಲ್ಲಿ ಚಿತ್ರಕ್ಕೆ ಬೆಳಕು ಬೇಕು. ಬಿಳಿಯ ಮಿಂಚುದೀಪ ಬಣ್ಣದ ಸ್ಪಷ್ಟ ಚಿತ್ರ ನೀಡುತ್ತದೆ, ಆದರೆ ಪ್ರಾಣಿಯನ್ನು ಬೆಚ್ಚಿಸುತ್ತದೆ. ಅದಕ್ಕೆ ಬದಲಾಗಿ ಅವಗೆಂಪು ಡಯೋಡುಗಳ ಸಾಲನ್ನು ಬಳಸುವುದುಂಟು. ಇವುಗಳಲ್ಲಿ ಎರಡು ಮುಖ್ಯ ಬಗೆ. ಸುಮಾರು 850 ನ್ಯಾನೊಮೀಟರ್‌ನ ದೀಪಗಳು ಉರಿದಾಗ ಮಸುಕಾದ ಕೆಂಪು ಮಿಣುಕು ಕಾಣುತ್ತದೆ; ಇದೇ ಮಂದಪ್ರಭೆ. 940 ನ್ಯಾನೊಮೀಟರ್‌ನವು ಮನುಷ್ಯನ ಕಣ್ಣಿಗೆ ಸಂಪೂರ್ಣ ಕತ್ತಲೆ. ಕ್ಯಾಮೆರಾದ ಸಿಲಿಕಾನ್ ಫಲಕ 940ಕ್ಕಿಂತ 850ಕ್ಕೆ ಹೆಚ್ಚು ಸ್ಪಂದಿಸುವುದರಿಂದ ಮಂದಪ್ರಭೆಯ ದೀಪ ದೂರಕ್ಕೆ ಮುಟ್ಟುತ್ತದೆ, ಚಿತ್ರದ ಕಣಕಣತನ ಕಡಿಮೆ. ಹಗಲಿನಲ್ಲಿ ಅವಗೆಂಪನ್ನು ತಡೆಯುವ ಸೋಸುಗಾಜು ಇರುಳಿನಲ್ಲಿ ಸರಿದುಕೊಳ್ಳುತ್ತದೆ. ಆಗ ದೊರೆಯುವುದು ಕಪ್ಪು-ಬಿಳುಪಿನ ಚಿತ್ರ. ಜಿಂಕೆಗಳು ಕೂಡುವ ಬಯಲಂಚು, ಉಪ್ಪುನೆಲ, ನೀರಿನೆಡೆಗಳಂತಹ ತೆರಪಾದ ಸ್ಥಳಗಳಿಗೆ ಮಂದಪ್ರಭೆಯ ಬಗೆಯೇ ಹೆಚ್ಚು ಹೊಂದುತ್ತದೆ ಎಂಬುದು ಇದರಿಂದ ಸ್ಪಷ್ಟ.

ಜಿಂಕೆಗೆ ಈ ಮಿಣುಕು ಕಾಣುವುದೇ? ಜಿಂಕೆಗಳ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಎರಡೇ ಬಗೆ. ಅಮೆರಿಕದ ಬಿಳಿಬಾಲದ ಜಿಂಕೆಯ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳಲ್ಲೊಂದು ನೀಲಿಗೆ, ಇನ್ನೊಂದು ಸುಮಾರು 537 ನ್ಯಾನೊಮೀಟರ್‌ನ ಹಸುರಿಗೆ ಸ್ಪಂದಿಸುತ್ತದೆ. ಮನುಷ್ಯನಲ್ಲಿರುವ ಕೆಂಪಿನ ಶಂಕು ಅದಕ್ಕಿಲ್ಲ. ಆದ್ದರಿಂದ ಕೆಂಪು ಮಿಣುಕು ಅದಕ್ಕೆ ಮನುಷ್ಯನಿಗಿಂತಲೂ ಮಸುಕು. ಇಷ್ಟರಿಂದ ಕ್ಯಾಮೆರಾ ಅದಕ್ಕೆ ತಿಳಿಯುವುದೇ ಇಲ್ಲ ಎಂದು ಹೇಳುವ ಮಾರಾಟದ ಮಾತುಗಳನ್ನು ಮಾತ್ರ ನಂಬಲಾಗದು. 2014ರಲ್ಲಿ ಪಾಲ್ ಮೀಕ್ ಮತ್ತು ಸಂಗಡಿಗರು ಹಲವು ಮಾದರಿಯ ಕ್ಯಾಮೆರಾಗಳನ್ನು ಪರೀಕ್ಷಿಸಿ, ಅವು ಮನುಷ್ಯನ ಕಿವಿಗೆ ಎಟುಕದ ಉಚ್ಚ ಕಂಪನಾಂಕದ ಸದ್ದನ್ನೂ ಹೊರಡಿಸುತ್ತವೆ, ಪ್ರಾಣಿಗಳು ಅವನ್ನು ಕೇಳಬಲ್ಲವು, ಬೆಳಕನ್ನೂ ಕಾಣಬಲ್ಲವು ಎಂದು ತೋರಿಸಿದರು. ಬೆಳಕಿಗಿಂತ ಮೊದಲು ಕಿವಿಯಿಂದ ಎಚ್ಚರಗೊಳ್ಳುವ ಪ್ರಾಣಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಪೆಟ್ಟಿಗೆಗೆ ಅಂಟಿದ ಮನುಷ್ಯವಾಸನೆ ಇದಕ್ಕೆ ಸೇರುತ್ತದೆ. ಗಾಳಿಯ ದಿಕ್ಕನ್ನು ನೋಡಿ ನಡೆಯುತ್ತಿದ್ದ ಹಳೆಯ ಬೇಟೆಗಾರನ ಎಚ್ಚರ ಕ್ಯಾಮೆರಾ ಕಟ್ಟುವವನಿಗೂ ಬೇಡವಾಗಿಲ್ಲ.

ಎಣಿಕೆ ಮತ್ತು ಜಾಡುಬಲ್ಲವರು

ಕರ್ನಾಟಕದ ನಾಗರಹೊಳೆ ಈ ಉಪಕರಣದ ಚರಿತ್ರೆಯಲ್ಲಿ ಮುಖ್ಯವಾದ ನೆಲೆ. ಕೆ. ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಸಂಖ್ಯಾಶಾಸ್ತ್ರದ ‘ಹಿಡಿ-ಮರಳಿ ಹಿಡಿ’ ಮಾದರಿಯಿಂದ ಅವುಗಳ ಸಂಖ್ಯೆಯನ್ನು ಅಂದಾಜಿಸಿದ ಲೇಖನ 1995ರಲ್ಲಿ ಪ್ರಕಟವಾಯಿತು. ಜಿಂಕೆಯ ಎಣಿಕೆ ಅಷ್ಟು ಸರಳವಲ್ಲ. ಕಡವೆಯ ಮೈಯಲ್ಲಿ ಗುರುತಿಲ್ಲ. ಗಂಡಿನ ಕೊಂಬನ್ನು ನಂಬೋಣವೆಂದರೆ ಅದು ಕಳಚಿ ಬಿದ್ದು ಹೊಸದು ಮೂಡುತ್ತದೆ. ಒಂದೇ ಜಿಂಕೆ ಹತ್ತು ಸಲ ಬಂದುದೋ, ಹತ್ತು ಜಿಂಕೆಗಳು ಒಂದೊಂದು ಸಲ ಬಂದವೋ ಚಿತ್ರದಿಂದ ತಿಳಿಯದು. ಹೀಗಾಗಿ ಬಲಿಪ್ರಾಣಿಗಳ ಸಾಂದ್ರತೆಯನ್ನು ನೇರರೇಖೆಯಲ್ಲಿ ನಡೆದು ಕಣ್ಣಾರೆ ಎಣಿಸುವ ಕ್ರಮದಿಂದಲೇ ಅಂದಾಜಿಸುವ ರೂಢಿ ಉಳಿಯಿತು. ಗುರುತಿಲ್ಲದ ಪ್ರಾಣಿಗಳಿಗೂ ಕ್ಯಾಮೆರಾವನ್ನು ಬಳಸುವ ಗಣಿತಮಾದರಿಗಳು 2008ರಿಂದೀಚೆಗೆ ಬಂದಿವೆ.

ಹುಲಿಗಾಗಿ ಹೂಡಿದ ಕ್ಯಾಮೆರಾಗಳಲ್ಲಿ ಜಿಂಕೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನಿಟ್ಟು ಸುಮಾರು 3 ಕೋಟಿ 48 ಲಕ್ಷ ಚಿತ್ರಗಳನ್ನು ಪಡೆಯಲಾಯಿತು. ಹುಲಿಯ ಚಿತ್ರಗಳು ಅವುಗಳಲ್ಲಿ ತೀರ ಸಣ್ಣ ಪಾಲು. ಇರುಳಿನಲ್ಲಿಯೇ ಹೆಚ್ಚಾಗಿ ಮೇಯುವ ಕಡವೆ, ಒಂಟಿಯಾಗಿ ತಿರುಗುವ ಕಾಡುಕುರಿ, ಕಣ್ಣಿಗೆ ಬೀಳುವುದೇ ಅಪರೂಪವಾದ ಮೌಸ್ ಡಿಯರ್ ಮುಂತಾದವುಗಳ ದಿನಚರಿಗೆ ಇಂತಹ ಚಿತ್ರಗಳು ಗಂಟೆ-ನಿಮಿಷಗಳ ಸಾಕ್ಷ್ಯವನ್ನು ಒದಗಿಸುತ್ತವೆ. ಹಗಲು ಹಿಂಡಾಗಿ ಕಾಣುವ ಚುಕ್ಕೆಜಿಂಕೆಯ ವಿಷಯದಲ್ಲಿ ಹೊಸದಾಗಿ ತಿಳಿಯುವುದು ಅಷ್ಟಿಲ್ಲ.

ಕ್ಯಾಮೆರಾ ಎಲ್ಲಿರಬೇಕೆಂಬುದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ವರದಿಗಳಲ್ಲಿ ವಿರಳ. ಗೊರಸಿನ ಗುರುತು ಇಂದಿನದೋ ನಿನ್ನೆಯದೋ, ಹಿಕ್ಕೆ ಕಡವೆಯದೋ ಜಿಂಕೆಯದೋ, ತೊಗಟೆಯ ಉಜ್ಜುಗಾಯ ಯಾವ ಋತುವಿನದು ಎಂಬುದನ್ನು ಓದಬಲ್ಲವರು ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳ ಜನ. ಅರಣ್ಯ ಇಲಾಖೆಯ ಕಾವಲು ಶಿಬಿರಗಳಲ್ಲಿ ದಿನಗೂಲಿಗೆ ದುಡಿಯುವವರಲ್ಲಿ ಅನೇಕರು ಇವರೇ. ಚಿತ್ರದ ಅಂಚಿನಲ್ಲಿ ದಿನಾಂಕ, ಹೊತ್ತು, ಉಷ್ಣಾಂಶಗಳು ಅಚ್ಚಾಗುತ್ತವೆ. ಜಾಡು ತೋರಿಸಿದವನ ಹೆಸರು ಅಚ್ಚಾಗುವುದಿಲ್ಲ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತ ತರುವಾಯವೂ ಈ ಜ್ಞಾನವನ್ನು ದಾಖಲಿಸುವ ಕೆಲಸ ಪಕ್ಷಿ, ಸಸ್ಯ, ಜೇನಿನ ವಿಷಯದಲ್ಲಿ ನಡೆದಷ್ಟು ಜಾಡಿನ ವಿಷಯದಲ್ಲಿ ನಡೆದಿಲ್ಲ. ಹಿಂದೆ ಹೇಳಿದ ಹಿಂಜರಿಕೆ ಇದಕ್ಕೆ ಒಂದು ಕಾರಣವಿರಬೇಕು.

ಕ್ಯಾಮೆರಾದ ಎದುರಿನ ಹಾಡು

ಶಾಖಸಂವೇದಕಕ್ಕೆ ಜಿಂಕೆ ಬೇರೆಯಲ್ಲ, ಮನುಷ್ಯ ಬೇರೆಯಲ್ಲ. ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲು ಪ್ರದೇಶದ ಸುತ್ತಮುತ್ತ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯಿ 14 ತಿಂಗಳು ಕ್ಷೇತ್ರಕಾರ್ಯ ನಡೆಸಿ, 270 ಜನರನ್ನು ಸಂದರ್ಶಿಸಿ, ಕ್ರಿಸ್ ಸ್ಯಾಂಡ್‌ಬ್ರೂಕ್ ಅವರೊಡನೆ 2024ರಲ್ಲಿ ಪ್ರಕಟಿಸಿದ ಅಧ್ಯಯನ ಜಾನಪದ ವಿದ್ವಾಂಸರು ಓದಲೇಬೇಕಾದದ್ದು. ಸೌದೆ, ಹುಲ್ಲುಗಳಿಗಾಗಿ ಕಾಡಿಗೆ ಹೋಗುವ ಹೆಂಗಸರಿಗೆ ಕಾಡು ಕೆಲಸದ ನೆಲೆ ಮಾತ್ರವಲ್ಲ. ಮನೆಯ ಕಟ್ಟುಪಾಡುಗಳಿಂದ ಬಿಡುವು ಪಡೆದು ಮಾತಾಡಿಕೊಳ್ಳುವ, ಗಟ್ಟಿಯಾಗಿ ಹಾಡುವ ಎಡೆ. ಆ ಹಾಡಿಗೆ ಇನ್ನೊಂದು ಪ್ರಯೋಜನವೂ ಇತ್ತು. ದನಿ ಕೇಳಿ ಆನೆ, ಹುಲಿಗಳು ದೂರ ಸರಿಯುತ್ತಿದ್ದವು. ಕ್ಯಾಮೆರಾಗಳು ಬಂದ ಮೇಲೆ, ತಮ್ಮನ್ನು ಯಾರೋ ನೋಡುತ್ತಿದ್ದಾರೆಂಬ ಅಳುಕಿನಿಂದ ಹೆಂಗಸರು ಹಾಡುವುದನ್ನು ತಗ್ಗಿಸಿದರು, ದನಿ ಇಳಿಸಿದರು; ಕ್ಯಾಮೆರಾಗಳಿರುವ ದಾರಿ ಬಿಟ್ಟು ಪರಿಚಯವಿಲ್ಲದ ಕಡೆಗಳಿಗೆ ಹೋಗತೊಡಗಿದರು. ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾದಲ್ಲಿ ಸಿಕ್ಕ ಹೆಣ್ಣುಮಗಳೊಬ್ಬಳ ಖಾಸಗಿ ಚಿತ್ರ ಜನರ ಮೊಬೈಲುಗಳಲ್ಲಿ ಹರಿದಾಡಿ, ಊರವರು ಸಿಟ್ಟಿನಿಂದ ಕ್ಯಾಮೆರಾಗಳನ್ನು ಒಡೆದ ಸಂಗತಿಯೂ ಆ ಅಧ್ಯಯನದಲ್ಲಿದೆ.

ದುಡಿಮೆಯ ಹಾಡುಗಳು ಅಳಿಯಲು ಯಂತ್ರಗಳು ಕಾರಣವೆಂಬ ಮಾತು ಜಾನಪದ ಬರವಣಿಗೆಯಲ್ಲಿ ಹಳೆಯದು. ಬೀಸುವ ಕಲ್ಲಿನ ಜಾಗಕ್ಕೆ ಗಿರಣಿ ಬಂದಾಗ ಹಾಡಿನ ಸಂದರ್ಭವೇ ಇಲ್ಲವಾಯಿತು. ಕಾರ್ಬೆಟ್‌ನ ಸಂಗತಿ ಅದಕ್ಕಿಂತ ಭಿನ್ನ. ಇಲ್ಲಿ ಕೆಲಸವೂ ಇದೆ, ಹಾಡುವವರೂ ಇದ್ದಾರೆ, ಹಾಡೂ ನೆನಪಿನಲ್ಲಿದೆ. ಕೇಳುಗರು ಯಾರೆಂಬುದು ತಿಳಿಯದೆ ಅದು ಬಾಯಿಗೆ ಬರುತ್ತಿಲ್ಲ. ಪ್ರದರ್ಶನ ಸಿದ್ಧಾಂತದ ಚರ್ಚೆಗಳಲ್ಲಿ ಪ್ರೇಕ್ಷಕ ಎಂಬ ಪರಿಕಲ್ಪನೆಯನ್ನು ವಿವರಿಸುವಾಗ ಇಂತಹ ಕಾಣದ ಪ್ರೇಕ್ಷಕನನ್ನು ಗಣನೆಗೆ ತೆಗೆದುಕೊಂಡಂತಿಲ್ಲ. ಮಿಣುಕು ಕಾಣುವ ಮಂದಪ್ರಭೆಯ ಕ್ಯಾಮೆರಾ ಇರುಳಿನಲ್ಲಿಯಾದರೂ ತನ್ನ ಇರವನ್ನು ತಿಳಿಸುತ್ತದೆ. ಪೂರ್ತಿ ಕತ್ತಲೆಯ ಬಗೆ ಅಷ್ಟನ್ನೂ ತಿಳಿಸದು.

ಜಿಂಕೆಯ ವೀಕ್ಷಣೆಯ ಮಟ್ಟಿಗೆ ಇದಕ್ಕೆ ಪರಿಹಾರ ಅಸಾಧ್ಯವೇನಲ್ಲ. ಹುಲಿ ಅಗಲವಾದ ಕಾಡುರಸ್ತೆಗಳಲ್ಲಿ ನಡೆಯಲು ಇಷ್ಟಪಡುವುದರಿಂದ ಅದರ ಕ್ಯಾಮೆರಾಗಳು ಮನುಷ್ಯರು ನಡೆಯುವ ದಾರಿಯಲ್ಲೇ ಬರುತ್ತವೆ. ಕಡವೆ, ಕಾಡುಕುರಿಗಳ ಸಣ್ಣ ಜಾಡುಗಳು ಪೊದೆಗಳ ಒಳಗೆ ಬೇರೆಯಾಗಿ ಸಾಗುತ್ತವೆ; ಅಲ್ಲಿ ಮೊಣಕಾಲೆತ್ತರಕ್ಕೆ ಕೆಳಮುಖವಾಗಿ ಕಟ್ಟಿದ ಕ್ಯಾಮೆರಾಕ್ಕೆ ಸೌದೆ ಹೊತ್ತವರ ಮುಖ ಸಿಕ್ಕುವ ಸಂಭವ ಕಡಿಮೆ. ಯಾವುದು ಸೌದೆಯ ದಾರಿ, ಯಾವುದು ಕಡವೆಯ ಜಾಡು, ಎರಡೂ ಎಲ್ಲಿ ಕೂಡುತ್ತವೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಆ ಊರಿನ ಹೆಂಗಸರು ಮತ್ತು ಜಾಡುಬಲ್ಲ ಕಾವಲುಗಾರರು. ಕ್ಯಾಮೆರಾ ಕಟ್ಟುವ ಮುನ್ನ ಅವರೊಡನೆ ಒಂದು ದಿನ ಆ ದಾರಿಗಳನ್ನು ನಡೆದು, ದಾರಿಗಳ ಹೆಸರುಗಳನ್ನು ಅವರ ಬಾಯಿಂದಲೇ ಬರೆದುಕೊಂಡರೆ ವನ್ಯಜೀವಿ ತಜ್ಞರಿಗೂ ಸ್ಥಳನಾಮ ಸಂಗ್ರಹಕಾರರಿಗೂ ಒಂದೇ ಪಟ್ಟಿ ಸಾಲುತ್ತದೆ.