ಮೋಟಾರ್‌ಸೈಕಲ್ ಕ್ಲಚ್ ಮರುಜೋಡಣೆ

ಮೋಟಾರ್‌ಸೈಕಲ್ ಕ್ಲಚ್ ಮರುಜೋಡಣೆ ಎಂದರೆ ಸವೆದ ಕ್ಲಚ್ಚನ್ನು ಬಿಚ್ಚಿ, ಅದರ ಭಾಗಗಳನ್ನು ಅಳೆದು, ಕೆಟ್ಟವನ್ನು ಬದಲಾಯಿಸಿ ಮತ್ತೆ ಜೋಡಿಸುವ ದುರಸ್ತಿ ಕಾರ್ಯ. ಮೂಲ ಭಾಗಗಳ ಬದಲು ಹೆಚ್ಚು ಬಲದ ಸ್ಪ್ರಿಂಗ್, ಹೆಚ್ಚು ಉಷ್ಣ ತಾಳುವ ಪ್ಲೇಟು ಮೊದಲಾದವನ್ನು ಅಳವಡಿಸಿದರೆ ಅದನ್ನು ಕ್ಲಚ್ಚಿನ ಉನ್ನತೀಕರಣ ಎನ್ನುತ್ತಾರೆ. ಹೆಚ್ಚಿನ ಬೈಕುಗಳಲ್ಲಿ ಸಿಲಿಂಡರನ್ನಾಗಲಿ ಗೇರ್‌ಬಾಕ್ಸನ್ನಾಗಲಿ ಬಿಚ್ಚದೆ ಎಂಜಿನ್ನಿನ ಒಂದು ಬದಿಯ ಮುಚ್ಚಳ ತೆಗೆದರೆ ಕ್ಲಚ್ ಕೈಗೆ ಸಿಗುವುದರಿಂದ, ಮನೆಯಲ್ಲಿ ಮಾಡಬಹುದಾದ ಎಂಜಿನ್ ಕೆಲಸಗಳಲ್ಲಿ ಇದೂ ಒಂದು. ಕ್ಲಚ್ ಜಾರುವುದಕ್ಕೆ ಒಂದೇ ಭಾಗ ಕಾರಣವಾಗಿರುವುದು ಅಪರೂಪ. ಆದ್ದರಿಂದ ಈ ಕೆಲಸದಲ್ಲಿ ಹೊಸ ಭಾಗಗಳ ಖರೀದಿಗಿಂತ ಹಳೆಯ ಭಾಗಗಳ ಅಳತೆ ಮುಖ್ಯವಾಗುತ್ತದೆ.

ರಚನೆ ಮತ್ತು ಕಾರ್ಯ

ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವುದು, ಬೇಕೆಂದಾಗ ಆ ಸಂಪರ್ಕವನ್ನು ಕಡಿಯುವುದು ಕ್ಲಚ್ಚಿನ ಕೆಲಸ. ಭಾರತದಲ್ಲಿ ಬಳಕೆಯಲ್ಲಿರುವ ಬಹುತೇಕ ಮೋಟಾರ್‌ಸೈಕಲ್‌ಗಳಲ್ಲಿ ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಬಹುಫಲಕ ಕ್ಲಚ್ ಇರುತ್ತದೆ. ಇದರ ಹೊರ ಬಟ್ಟಲಿಗೆ ಬಾಸ್ಕೆಟ್ ಎಂದು ಹೆಸರು. ಅದು ಎಂಜಿನ್ನಿನ ಕಡೆಯಿಂದ ಸದಾ ತಿರುಗುತ್ತಿರುತ್ತದೆ. ಒಳಗಿನ ಹಬ್ ಗೇರ್‌ಬಾಕ್ಸಿನ ದಂಡಕ್ಕೆ ಜೋಡಿಸಲ್ಪಟ್ಟಿರುತ್ತದೆ. ಘರ್ಷಣೆಯ ಪದರ ಅಂಟಿಸಿದ ಪ್ಲೇಟುಗಳ ಹೊರಹಲ್ಲುಗಳು ಬಾಸ್ಕೆಟ್ಟಿನ ಸೀಳುಗಳಲ್ಲಿ ಕೂರುತ್ತವೆ. ಬರಿಯ ಉಕ್ಕಿನ ಪ್ಲೇಟುಗಳ ಒಳಹಲ್ಲುಗಳು ಹಬ್ಬಿಗೆ ಕಚ್ಚಿಕೊಳ್ಳುತ್ತವೆ. ಇವೆರಡು ಬಗೆಯ ಪ್ಲೇಟುಗಳನ್ನು ಒಂದರ ನಂತರ ಒಂದರಂತೆ ಪೇರಿಸಿ, ಪ್ರೆಶರ್ ಪ್ಲೇಟ್ ಮತ್ತು ಸ್ಪ್ರಿಂಗುಗಳಿಂದ ಒತ್ತಿ ಹಿಡಿಯಲಾಗುತ್ತದೆ. ಸವಾರನು ಲಿವರ್ ಎಳೆದಾಗ ಕೇಬಲ್ಲಿನ ಮೂಲಕ ಪ್ರೆಶರ್ ಪ್ಲೇಟ್ ಮೇಲೇಳುತ್ತದೆ, ಒತ್ತಡ ತಪ್ಪಿದ ಪ್ಲೇಟುಗಳು ಒಂದರ ಮೇಲೊಂದು ಜಾರುತ್ತವೆ.

ಕ್ಲಚ್ ಜಾರದೆ ಹೊರಬಲ್ಲ ಗರಿಷ್ಠ ತಿರುಚುಬಲವು, ಅಂದರೆ ಟಾರ್ಕ್, ನಾಲ್ಕು ಸಂಗತಿಗಳ ಗುಣಲಬ್ಧ: ಘರ್ಷಣಾಂಕ, ಸ್ಪ್ರಿಂಗುಗಳ ಒಟ್ಟು ಒತ್ತಡ, ಘರ್ಷಣೆಯ ಪದರದ ಸರಾಸರಿ ತ್ರಿಜ್ಯ ಮತ್ತು ಒಂದಕ್ಕೊಂದು ತಾಗುವ ಮುಖಗಳ ಸಂಖ್ಯೆ. ಲೆಕ್ಕದ ಅನುಕೂಲಕ್ಕಾಗಿ ಐದು ಘರ್ಷಣೆಯ ಪ್ಲೇಟುಗಳಿರುವ, ಅಂದರೆ 10 ಮುಖಗಳ ಒಂದು ಕ್ಲಚ್ಚನ್ನು ಊಹಿಸಿಕೊಳ್ಳಬಹುದು. ಎಣ್ಣೆಯಲ್ಲಿ ಅದರ ಘರ್ಷಣಾಂಕ 0.1, ಸ್ಪ್ರಿಂಗುಗಳ ಒತ್ತಡ 1,000 ನ್ಯೂಟನ್, ಸರಾಸರಿ ತ್ರಿಜ್ಯ 5 ಸೆಂ.ಮೀ. ಇದ್ದರೆ ಅದು 50 ನ್ಯೂಟನ್ ಮೀಟರ್ ಟಾರ್ಕನ್ನು ಹೊರಬಲ್ಲದು. ಎಂಜಿನ್ 12 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತದೆ, ಕ್ಲಚ್ಚಿಗೆ ಬರುವ ಮೊದಲು ಅದು ಪ್ರಾಥಮಿಕ ಗೇರುಗಳಲ್ಲಿ ಮೂರು ಪಟ್ಟಾಗುತ್ತದೆ ಎಂದಿಟ್ಟುಕೊಂಡರೆ ಕ್ಲಚ್ಚಿನ ಮೇಲೆ ಬೀಳುವ ಹೊರೆ 36 ನ್ಯೂಟನ್ ಮೀಟರ್. ಸ್ಪ್ರಿಂಗುಗಳು ಸೋತು ಒತ್ತಡ 800 ನ್ಯೂಟನ್ನಿಗೆ ಇಳಿದರೆ ಕ್ಲಚ್ಚಿನ ಸಾಮರ್ಥ್ಯ 40ಕ್ಕೆ ಇಳಿಯುತ್ತದೆ, ಆದರೂ ಅದು ಜಾರುವುದಿಲ್ಲ. ಎಣ್ಣೆಯ ದೋಷದಿಂದ ಘರ್ಷಣಾಂಕ ಮಾತ್ರ 0.08ಕ್ಕೆ ಇಳಿದರೂ ಸಾಮರ್ಥ್ಯ ಅಷ್ಟೇ ಉಳಿಯುತ್ತದೆ. ಎರಡೂ ಒಟ್ಟಿಗೆ ಸಂಭವಿಸಿದಾಗ ಅದು 32ಕ್ಕೆ ಕುಸಿದು ಕ್ಲಚ್ ಜಾರತೊಡಗುತ್ತದೆ. ಬಹುಕಾಲ ಸರಿಯಾಗಿದ್ದ ಕ್ಲಚ್ ಒಂದು ದಿನ ಏಕಾಏಕಿ ಕೈಕೊಟ್ಟಂತೆ ಕಾಣುವುದು ಇದೇ ಕಾರಣದಿಂದ.

ಸವೆತದ ಕಾರಣಗಳು

ಲಿವರನ್ನು ಪೂರ್ತಿ ಬಿಟ್ಟಾಗಲೂ ಪೂರ್ತಿ ಎಳೆದಾಗಲೂ ಕ್ಲಚ್ ಹೆಚ್ಚು ಸವೆಯುವುದಿಲ್ಲ. ಹಾಫ್ ಕ್ಲಚ್ ಎಂದು ಕರೆಯಲಾಗುವ ನಡುವಿನ ಸ್ಥಿತಿಯಲ್ಲಿ ಪ್ಲೇಟುಗಳು ಒತ್ತಡದಲ್ಲಿದ್ದುಕೊಂಡೇ ಜಾರುತ್ತವೆ. ಆಗ ಹುಟ್ಟುವ ಶಾಖ ಪ್ಲೇಟುಗಳನ್ನು ಸುಡುತ್ತದೆ, ಉಕ್ಕನ್ನು ಸೊಟ್ಟಗಾಗಿಸುತ್ತದೆ, ಸ್ಪ್ರಿಂಗುಗಳ ಬಿಗುವನ್ನು ಕಡಿಮೆ ಮಾಡುತ್ತದೆ.

ಭೂಸ್ವರೂಪ ಮತ್ತು ಹವೆಗಳು ಈ ಸವೆತವನ್ನು ಹೇಗೆ ಹೆಚ್ಚಿಸಬಲ್ಲವು ಎಂಬುದಕ್ಕೆ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಪ್ರದೇಶ ಉತ್ತಮ ಉದಾಹರಣೆ. ಈ ಮೂರೂ ಪಟ್ಟಣಗಳು ಸಮತಟ್ಟಾದ ಕರಾವಳಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿವೆ. ಆದರೆ ಇಲ್ಲಿಂದ ಮಲೆನಾಡಿಗೆ ಹೋಗುವವರು ಪಶ್ಚಿಮ ಘಟ್ಟವನ್ನು ಹತ್ತಲೇಬೇಕು. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯ ಮೂಲಕ ಬಾಳೆಬರೆ ಅಥವಾ ಹುಲಿಕಲ್ ಘಾಟಿ, ಬೈಂದೂರಿನ ಕಡೆಯಿಂದ ಕೊಲ್ಲೂರಿನ ಘಾಟಿ, ಬ್ರಹ್ಮಾವರದಿಂದ ಹೆಬ್ರಿ, ಸೋಮೇಶ್ವರದ ಮೂಲಕ ಆಗುಂಬೆ ಘಾಟಿ ಸಿಗುತ್ತವೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದ್ದು, ಏರಿಕೆಯ ಬಹುಪಾಲು ಕೆಲವೇ ಕಿಲೋಮೀಟರುಗಳ ಹಿಮ್ಮುರಿ ತಿರುವುಗಳಲ್ಲಿ ಮುಗಿಯುತ್ತದೆ. ಹಿಂಬದಿ ಸವಾರನೂ ಹೊರೆಯೂ ಇರುವ 100 ಸಿ.ಸಿ. ಬೈಕಿನಲ್ಲಿ ಇಂತಹ ತಿರುವುಗಳನ್ನು ಕೆಳಗಿನ ಗೇರಿಗೆ ಬದಲಾಯಿಸದೆ ಹಾಫ್ ಕ್ಲಚ್ಚಿನಲ್ಲೇ ದಾಟಿಸುವ ಅಭ್ಯಾಸ ಪ್ಲೇಟುಗಳ ಆಯುಷ್ಯವನ್ನು ಬಹಳ ಕಡಿಮೆ ಮಾಡುತ್ತದೆ.

ಕರಾವಳಿಯ ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಿಂದ ಮೊದಲು ತೊಂದರೆಗೊಳಗಾಗುವುದು ಕೇಬಲ್. ಹೊರಕವಚದೊಳಗೆ ನೀರು ಇಳಿದು ತಂತಿ ತುಕ್ಕು ಹಿಡಿದರೆ ಲಿವರ್ ಗಟ್ಟಿಯಾಗುತ್ತದೆ, ಬಿಟ್ಟಾಗ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಇದರಿಂದ ಕ್ಲಚ್ ಸದಾ ಸ್ವಲ್ಪ ಎಳೆದ ಸ್ಥಿತಿಯಲ್ಲೇ ಉಳಿದು ಜಾರುತ್ತದೆ. ಮಳೆಗಾಲ ಪೂರ್ತಿ ಓಡಿಸದೆ ನಿಲ್ಲಿಸಿದ ಬೈಕುಗಳಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಎಂಜಿನ್ನಿನೊಳಗೆ ನೀರು ಸೇರಿದ್ದರೆ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ಆಗ ಎಣ್ಣೆಯನ್ನು ಬದಲಾಯಿಸದೆ ಕ್ಲಚ್ಚನ್ನು ಮುಟ್ಟಿ ಪ್ರಯೋಜನವಿಲ್ಲ.

ದೋಷದ ಲಕ್ಷಣಗಳು

ಜಾರುವಿಕೆ: ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದಾಗ ಎಂಜಿನ್ನಿನ ಸದ್ದು ಏರಿದರೂ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಏರುದಾರಿಯಲ್ಲಿ ಇದು ಮೊದಲು ಗೊತ್ತಾಗುತ್ತದೆ. ಸುಟ್ಟ ವಾಸನೆಯೂ ಬರಬಹುದು.

ಪೂರ್ತಿ ಬಿಡದಿರುವುದು: ಲಿವರ್ ಎಳೆದಿದ್ದರೂ ಬೈಕ್ ಮುಂದಕ್ಕೆ ತೆವಳುತ್ತದೆ, ಮೊದಲ ಗೇರ್ ಧಡ್ ಎಂದು ಬೀಳುತ್ತದೆ, ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ. ಸೊಟ್ಟಗಾದ ಉಕ್ಕಿನ ಪ್ಲೇಟು, ಬಾಸ್ಕೆಟ್ಟಿನ ಸೀಳುಗಳಲ್ಲಿ ಬಿದ್ದ ಗಾಯ ಅಥವಾ ಸಡಿಲವಾದ ಕೇಬಲ್ ಇದಕ್ಕೆ ಕಾರಣವಾಗಿರಬಹುದು.

ನಡುಕ: ಹೊರಡುವಾಗ ಬೈಕ್ ಬಿಟ್ಟುಬಿಟ್ಟು ಎಳೆದಂತೆ ಚಲಿಸುತ್ತದೆ. ಪ್ಲೇಟುಗಳ ಮುಖ ಒಂದೇ ಸಮನಾಗಿಲ್ಲವೆಂಬುದರ ಸೂಚನೆ ಇದು.

ಮುಚ್ಚಳ ತೆಗೆಯುವ ಮೊದಲು ಲಿವರಿನ ಸಡಿಲಾವಕಾಶವನ್ನು ಪರೀಕ್ಷಿಸಬೇಕು. ಹಲವು ಸಣ್ಣ ಬೈಕುಗಳಲ್ಲಿ ಇದು ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಇರಬೇಕೆಂದು ಕೈಪಿಡಿಗಳು ಸೂಚಿಸುತ್ತವೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ, ಅತಿಯಾಗಿದ್ದರೆ ಪೂರ್ತಿ ಬಿಡುವುದಿಲ್ಲ. ಎಷ್ಟೋ ಸಲ ದೋಷ ಇಲ್ಲಿಯೇ ಪರಿಹಾರವಾಗುತ್ತದೆ.

ಬಿಚ್ಚುವಿಕೆ ಮತ್ತು ಅಳತೆ

ಇಂದಿನ ಬಹುತೇಕ ಭಾರತೀಯ ಬೈಕುಗಳಲ್ಲಿ ಕ್ಲಚ್ ಎಂಜಿನ್ನಿನ ಬಲಬದಿಯಲ್ಲಿರುತ್ತದೆ. ಹಳೆಯ ಬುಲೆಟ್, ಜಾವಾ, ಯೆಜ್ದಿಗಳಲ್ಲಿ ಅದು ಎಡಬದಿಯಲ್ಲಿದೆ. ಎಣ್ಣೆಯನ್ನು ಇಳಿಸಿ, ಅಡ್ಡಬರುವ ಕಿಕ್ ಅಥವಾ ಬ್ರೇಕ್ ಪೆಡಲನ್ನು ತೆಗೆದು, ಮುಚ್ಚಳದ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಲಾಗುತ್ತದೆ. ಬೋಲ್ಟುಗಳ ಉದ್ದ ಬೇರೆಬೇರೆಯಾಗಿರುವುದರಿಂದ ರಟ್ಟಿನ ತುಂಡಿನ ಮೇಲೆ ಮುಚ್ಚಳದ ಆಕಾರ ಬರೆದು, ಆಯಾ ಜಾಗದಲ್ಲಿ ಬೋಲ್ಟುಗಳನ್ನು ಚುಚ್ಚಿಡುವ ರೂಢಿಯಿದೆ. ಗ್ಯಾಸ್ಕೆಟ್ಟಿನ ಚೂರುಗಳನ್ನು ಚಾಕುವಿನಿಂದ ಕೆರೆದರೆ ಅಲ್ಯೂಮಿನಿಯಂ ಮುಖದಲ್ಲಿ ಗೀರು ಬಿದ್ದು ಮುಂದೆ ಎಣ್ಣೆ ಸೋರುತ್ತದೆ.

ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ ತೆಗೆದ ಬಳಿಕ ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಜೋಡಿಸಿಡಬೇಕು. ಅನಂತರ ಈ ಪರೀಕ್ಷೆಗಳು ನಡೆಯುತ್ತವೆ:

ಘರ್ಷಣೆಯ ಪ್ಲೇಟುಗಳ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಹಲವು ಕಡೆ ಅಳೆಯಲಾಗುತ್ತದೆ. ಸಣ್ಣ ಬೈಕುಗಳಲ್ಲಿ ಹೊಸ ಪ್ಲೇಟಿನ ದಪ್ಪ ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಬದಲಾಯಿಸಬೇಕಾದ ಮಿತಿ ಅದಕ್ಕಿಂತ ಒಂದು ಮಿಲಿಮೀಟರಿನ ಕೆಲವೇ ದಶಾಂಶಗಳಷ್ಟು ಕಡಿಮೆ. ಆದ್ದರಿಂದ ಕಣ್ಣಳತೆ ಸಾಲದು.

ಉಕ್ಕಿನ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು, ಅಂಚಿನಡಿ ಫೀಲರ್ ಗೇಜ್ ತೂರಿಸಿ ಸೊಟ್ಟವನ್ನು ಅಳೆಯಲಾಗುತ್ತದೆ. ಅನೇಕ ಕೈಪಿಡಿಗಳಲ್ಲಿ ಇದರ ಮಿತಿ 0.1ರಿಂದ 0.2 ಮಿ.ಮೀ. ನೀಲಿ ಬಣ್ಣಕ್ಕೆ ತಿರುಗಿದ ಪ್ಲೇಟು ಅತಿಯಾಗಿ ಕಾದಿತ್ತೆಂಬುದಕ್ಕೆ ಸಾಕ್ಷಿ.

ಸ್ಪ್ರಿಂಗುಗಳ ಬಿಡುವಿನ ಉದ್ದವನ್ನು ಅಳೆಯಲಾಗುತ್ತದೆ. ಒಂದು ಸೋತಿದ್ದರೂ ಇಡೀ ಗುಂಪನ್ನು ಬದಲಾಯಿಸುವುದು ಕ್ರಮ. ಒತ್ತಡ ಅಸಮವಾದರೆ ಪ್ರೆಶರ್ ಪ್ಲೇಟ್ ಓರೆಯಾಗಿ ಮೇಲೇಳುತ್ತದೆ.

ಬಾಸ್ಕೆಟ್ಟಿನ ಸೀಳುಗಳಲ್ಲಿ ಪ್ಲೇಟುಗಳ ಹಲ್ಲು ಬಡಿದು ಉಂಟಾದ ಕಚ್ಚುಗಳಿವೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು. ತೆಳುವಾದ ಗುರುತನ್ನು ಅರದಿಂದ ಹದವಾಗಿ ಉಜ್ಜಿ ಸಮ ಮಾಡಬಹುದು. ಕಚ್ಚು ಆಳವಾಗಿದ್ದರೆ ಬಾಸ್ಕೆಟ್ ಬದಲಾಯಿಸದೆ ಬೇರೆ ದಾರಿಯಿಲ್ಲ. ಅದನ್ನು ಹಾಗೆಯೇ ಬಿಟ್ಟು ಹೊಸ ಪ್ಲೇಟು ಹಾಕಿದರೆ ಅವೂ ಅದೇ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಜೋಡಣೆ

ಒಣಗಿದ ಹೊಸ ಪ್ಲೇಟು ಮೊದಲ ಕ್ಷಣಗಳಲ್ಲೇ ಸುಡಬಹುದಾದ್ದರಿಂದ ಜೋಡಿಸುವ ಮೊದಲು ಘರ್ಷಣೆಯ ಪ್ಲೇಟುಗಳಿಗೆ ಹೊಸ ಎಂಜಿನ್ ಆಯಿಲ್ ಸವರಲಾಗುತ್ತದೆ. ಕೆಲವು ಗಂಟೆ ಎಣ್ಣೆಯಲ್ಲಿ ನೆನೆಹಾಕುವ ಪದ್ಧತಿಯೂ ವ್ಯಾಪಕವಾಗಿದೆ. ಪ್ಲೇಟುಗಳನ್ನು ಮೂಲ ಕ್ರಮದಲ್ಲಿ ಕೂರಿಸಿ, ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಸಾಮಾನ್ಯವಾಗಿ 6 ಮಿ.ಮೀ. ವ್ಯಾಸದ ಈ ಬೋಲ್ಟುಗಳು ಅತಿ ಬಿಗುವಿಗೆ ಸುಲಭವಾಗಿ ಮುರಿಯುವುದರಿಂದ ಟಾರ್ಕ್ ರೆಂಚ್ ಬಳಸುವುದು ಸುರಕ್ಷಿತ. ಮುಚ್ಚಳವನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಹಾಕಿ, ನಿಗದಿತ ಪ್ರಮಾಣದ ಎಣ್ಣೆ ತುಂಬಿಸಿ, ಕೊನೆಯಲ್ಲಿ ಕೇಬಲ್ಲಿನ ಸಡಿಲಾವಕಾಶವನ್ನು ಸರಿಪಡಿಸಲಾಗುತ್ತದೆ. ಹೊಸ ಪ್ಲೇಟುಗಳು ಹೊಂದಿಕೊಂಡ ಮೇಲೆ ಈ ಅಳತೆ ಬದಲಾಗುವುದರಿಂದ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ಎಂಜಿನ್ ಆಯಿಲಿನ ಪಾತ್ರ

ನಾಲ್ಕು ಸ್ಟ್ರೋಕಿನ ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಕ್ಲಚ್ಚಿಗೆ ಒಂದೇ ಎಣ್ಣೆ ಇರುತ್ತದೆ. ಕಾರುಗಳಿಗಾಗಿ ತಯಾರಾದ ಕೆಲವು ಎಣ್ಣೆಗಳಲ್ಲಿ ಇಂಧನ ಉಳಿತಾಯಕ್ಕೆಂದು ಘರ್ಷಣೆ ತಗ್ಗಿಸುವ ವಸ್ತುಗಳನ್ನು ಸೇರಿಸಿರುತ್ತಾರೆ. ಕ್ಲಚ್ಚಿಗೆ ಬೇಕಾದುದು ಘರ್ಷಣೆಯೇ ಆದ್ದರಿಂದ ಇವು ಜಾರುವಿಕೆಗೆ ಕಾರಣವಾಗಬಹುದು. ಜಪಾನಿನ ವಾಹನ ಮಾನಕ ಸಂಸ್ಥೆಯ ‘ಜಾಸೋ’ ವರ್ಗೀಕರಣದಲ್ಲಿ ಎಂಎ ಮತ್ತು ಎಂಎ2 ಗುರುತಿನ ಎಣ್ಣೆಗಳು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ತಕ್ಕವು. ಎಂಬಿ ಗುರುತಿನವು ಇಂತಹ ಕ್ಲಚ್ ಇಲ್ಲದ ಸ್ಕೂಟರುಗಳಿಗೆ ಹೊಂದುತ್ತವೆ. ಈ ಗುರುತು ಡಬ್ಬಿಯ ಮೇಲೆ ಮುದ್ರಿತವಾಗಿರುತ್ತದೆ.

ಉನ್ನತೀಕರಣ

ಗಡಸು ಸ್ಪ್ರಿಂಗುಗಳು ಅತಿ ಅಗ್ಗದ ಉನ್ನತೀಕರಣ. ಮೇಲಿನ ಲೆಕ್ಕದಂತೆ ಸ್ಪ್ರಿಂಗಿನ ಒತ್ತಡವನ್ನು ಶೇ. 20ರಷ್ಟು ಹೆಚ್ಚಿಸಿದರೆ ಸಾಮರ್ಥ್ಯ 50ರಿಂದ 60 ನ್ಯೂಟನ್ ಮೀಟರಿಗೆ ಏರುತ್ತದೆ. ಆದರೆ ಲಿವರ್ ಎಳೆಯಲು ಬೇಕಾದ ಬಲವೂ ಸುಮಾರಾಗಿ ಅಷ್ಟೇ ಏರಿ, ಕೇಬಲ್ ಮತ್ತು ಬಿಡುಗಡೆಯ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ. ಸವೆದ ಪ್ಲೇಟುಗಳ ಮೇಲೆ ಗಡಸು ಸ್ಪ್ರಿಂಗ್ ಹಾಕುವುದರಿಂದ ದೋಷ ಕೆಲಕಾಲ ಮರೆಯಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ. ಐದರ ಬದಲು ಆರು ಘರ್ಷಣೆಯ ಪ್ಲೇಟುಗಳನ್ನು ಬಳಸಿದರೂ ಮುಖಗಳು 12 ಆಗಿ ಅದೇ ಶೇ. 20ರ ಏರಿಕೆ ದೊರೆಯುತ್ತದೆ, ಲಿವರ್ ಗಟ್ಟಿಯಾಗುವುದಿಲ್ಲ. ಆದರೆ ಬಾಸ್ಕೆಟ್ಟಿನಲ್ಲಿ ಜಾಗವಿರಬೇಕು, ಇಲ್ಲವೇ ತೆಳು ಪ್ಲೇಟುಗಳನ್ನು ಬಳಸಬೇಕು.

ಸ್ಲಿಪ್ಪರ್ ಕ್ಲಚ್ ಇನ್ನೊಂದು ಬಗೆಯದು. ಸವಾರನು ಥಟ್ಟನೆ ಕೆಳಗಿನ ಗೇರಿಗೆ ಬಂದಾಗ ಹಿಂಚಕ್ರ ಎಂಜಿನ್ನನ್ನು ತಿರುಗಿಸಲು ಯತ್ನಿಸುತ್ತದೆ. ಆಗ ಹಬ್ಬಿನ ಇಳಿಜಾರು ಅಂಚುಗಳು ಪ್ಲೇಟುಗಳ ಒತ್ತಡವನ್ನು ತಾನಾಗಿ ತಗ್ಗಿಸಿ, ಚಕ್ರ ಜಾರದಂತೆ ತಡೆಯುತ್ತವೆ. ಯಮಹಾ ಆರ್15ರ ಮೂರನೆಯ ಆವೃತ್ತಿ, ಹೋಂಡಾ ಹೈನೆಸ್ ಸಿಬಿ350 ಮೊದಲಾದವು ಇದನ್ನು ಕಾರ್ಖಾನೆಯಿಂದಲೇ ಪಡೆದಿವೆ. ಹಬ್ ಮತ್ತು ಪ್ರೆಶರ್ ಪ್ಲೇಟಿನ ರಚನೆಯೇ ಬೇರೆಯಾದ್ದರಿಂದ ಪ್ಲೇಟುಗಳನ್ನು ಮಾತ್ರ ಬದಲಾಯಿಸಿ ಸಾಮಾನ್ಯ ಕ್ಲಚ್ಚನ್ನು ಸ್ಲಿಪ್ಪರ್ ಕ್ಲಚ್ಚಾಗಿ ಮಾರ್ಪಡಿಸಲಾಗದು.

ಮೈಸೂರಿನ ಜಾವಾ ಮತ್ತು ಯೆಜ್ದಿ

ಕರ್ನಾಟಕದಲ್ಲೇ ತಯಾರಾದ ಬೈಕುಗಳಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವು ಕ್ಲಚ್ಚಿನ ದೃಷ್ಟಿಯಿಂದ ವಿಶಿಷ್ಟ. ಚೆಕೊಸ್ಲೊವಾಕಿಯಾದ ಜಾವಾ ತಂತ್ರಜ್ಞಾನದೊಂದಿಗೆ 1961ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆ, ಮುಂದೆ ಯೆಜ್ದಿ ಹೆಸರಿನಲ್ಲಿ ಬೈಕುಗಳನ್ನು ತಯಾರಿಸಿ 1996ರಲ್ಲಿ ನಿಂತುಹೋಯಿತು. ಇವುಗಳಲ್ಲಿ ಕಿಕ್ ಹೊಡೆಯಲೂ ಗೇರ್ ಬದಲಾಯಿಸಲೂ ಒಂದೇ ಪೆಡಲ್ ಇತ್ತು. ಅರೆಸ್ವಯಂಚಾಲಿತ ಕ್ಲಚ್ ವ್ಯವಸ್ಥೆಯಿಂದಾಗಿ ಗೇರ್ ಪೆಡಲ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುತ್ತಿತ್ತು. ಹೀಗಾಗಿ ಇವುಗಳನ್ನು ಮರುಜೋಡಿಸುವಾಗ ಕೈಲಿವರಿನ ಕೇಬಲ್ ಮತ್ತು ಪೆಡಲಿನ ಸಂಪರ್ಕ ಎರಡನ್ನೂ ಹೊಂದಿಸಬೇಕಾಗುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದ ನಡೆಯುವುದರಿಂದ ಗೇರ್‌ಬಾಕ್ಸ್ ಮತ್ತು ಕ್ಲಚ್ಚಿನ ಎಣ್ಣೆ ಪ್ರತ್ಯೇಕವಾಗಿರುತ್ತದೆ. ಹಳೆಯ ಬೈಕುಗಳಲ್ಲಿ ಕಾರ್ಕ್ ಅಂದರೆ ಬೆಂಡಿನ ಪ್ಲೇಟುಗಳ ಬಳಕೆ ಸಾಮಾನ್ಯವಾಗಿತ್ತು. ಎಣ್ಣೆಯಲ್ಲಿ ಚೆನ್ನಾಗಿ ಹಿಡಿಯುವ ಬೆಂಡು, ಅತಿ ಶಾಖಕ್ಕೆ ಕರಕಲಾಗುತ್ತದೆ. 2018ರಲ್ಲಿ ಮರಳಿ ಬಂದ ಜಾವಾ ಬೈಕುಗಳು ನಾಲ್ಕು ಸ್ಟ್ರೋಕಿನವಾಗಿದ್ದು, ಅವುಗಳ ಕ್ಲಚ್ ಭಾಗಗಳು ಹಳೆಯವಕ್ಕೆ ಹೊಂದುವುದಿಲ್ಲ.

ಸುರಕ್ಷತೆ

ಜಾರುವ ಕ್ಲಚ್ಚಿನಿಂದ ಘಾಟಿಯ ತಿರುವಿನ ನಡುವೆ ಬೈಕ್ ಎಳೆಯದೆ ಹಿಂದಕ್ಕೆ ಸರಿಯಬಹುದು. ಇಳಿಜಾರಿನಲ್ಲಿ ಲಿವರ್ ಎಳೆದುಕೊಂಡೇ ಬರುವುದು ಇನ್ನೂ ಅಪಾಯಕಾರಿ. ಆಗ ಎಂಜಿನ್ನಿನ ತಡೆ ಇಲ್ಲವಾಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಮರುಜೋಡಣೆಯ ನಂತರ ಬೈಕನ್ನು ಮೊದಲು ಸಮತಟ್ಟಾದ ರಸ್ತೆಯಲ್ಲಿ ಪರೀಕ್ಷಿಸಿಯೇ ಘಟ್ಟಕ್ಕೆ ಒಯ್ಯಬೇಕು.

ಹಳೆಯ ಘರ್ಷಣೆಯ ಪದರಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಒಣ ಪ್ಲೇಟುಗಳನ್ನು ಗಾಳಿ ಹೊಡೆದು ಸ್ವಚ್ಛಗೊಳಿಸಬಾರದು, ಮರಳುಕಾಗದದಿಂದ ಉಜ್ಜಲೂಬಾರದು. ಇಳಿಸಿದ ಎಣ್ಣೆಯನ್ನು ಚರಂಡಿಗೋ ತೋಟಕ್ಕೋ ಸುರಿದರೆ ಅದು ಮಣ್ಣಿನ ಮೂಲಕ ಬಾವಿಗಳ ನೀರನ್ನು ಸೇರಬಹುದು. ಮುಚ್ಚಿದ ಡಬ್ಬಿಯಲ್ಲಿ ಸಂಗ್ರಹಿಸಿ, ಹಳೆಯ ಎಣ್ಣೆ ಪಡೆಯುವ ಗ್ಯಾರೇಜಿಗೆ ಒಪ್ಪಿಸುವುದು ಸೂಕ್ತ ವಿಲೇವಾರಿ.