ಮಂತ್ರವಾದಿ ಇದ್ದ ಮೇಲೆ ಕತ್ತಿ ಹಿಡಿದವನಿಗೇನು ಕೆಲಸ?

ಪುಣೆಯಲ್ಲಿ ನಾವು ಐದು ಜನ ಕನ್ನಡದವರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಕಥೆ ನಡೆಸೋ ಡಂಜನ್ ಮಾಸ್ಟರ್ ನಾನೇ. ಹೋದ ವರ್ಷ ಒಂದಿನ, ಫೈಟರ್ ಆಡ್ತಿದ್ದ ಗೆಳೆಯ ಡೈಸ್ ಎತ್ತಿಟ್ಕೊಂಡು, "ಮುಂದಿನ ವಾರದಿಂದ ನಾನು ಬರಲ್ಲ ಮಗಾ. ಎಲ್ಲಾ ವಿಝಾರ್ಡ್ ಮಾಡ್ತಾನಲ್ಲ, ನಾನ್ಯಾಕೆ?" ಅಂದ.

ಅವನು ಹೇಳಿದ್ದು ಸರಿ. ನಾವು ಆಡೋದು 2014ರ ಐದನೇ ಆವೃತ್ತಿ. ಅದರಲ್ಲಿ 5ನೇ ಲೆವೆಲ್ಲಿನ ಫೈಟರ್ ಒಂದು ಸರದಿಯಲ್ಲಿ ಎರಡು ಏಟು ಹೊಡೀತಾನೆ. ಎರಡೂ ತಾಗಿದರೆ ಸುಮಾರು 17ರಿಂದ 21 ಡ್ಯಾಮೇಜ್. ಅದೇ ಲೆವೆಲ್ಲಿನ ವಿಝಾರ್ಡ್ ಹಾಕೋ ಫೈರ್‌ಬಾಲ್‌ಗೆ ಎಂಟು ಡೈಸ್, ಸರಾಸರಿ 28. ಅದೂ ಆ ಬೆಂಕಿಯೊಳಗೆ ಸಿಕ್ಕ ಪ್ರತಿಯೊಬ್ಬನಿಗೂ!

ನಾನು ಮೊದಲು ಮಾಡಿದ್ದು ಫೈರ್‌ಬಾಲ್ ಡ್ಯಾಮೇಜ್ ಕಡಿಮೆ ಮಾಡಿದ್ದು. ವಿಝಾರ್ಡ್ ಮುಖ ಸಪ್ಪಗಾಯ್ತು, ಫೈಟರ್‌ಗೆ ಏನೂ ಸಿಗಲಿಲ್ಲ. ಬಗ್ ಇದ್ದದ್ದು ಅಲ್ಲಿ ಅಲ್ಲ. ಮಂತ್ರಕ್ಕೆ ಒಂದು ಬೆಲೆ ಇದೆ. ಅದನ್ನ ನಾನು ವಸೂಲು ಮಾಡ್ತಾ ಇರಲಿಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದರು. ಕೆಲವೇ ವರ್ಷಗಳಲ್ಲಿ ಬಂದ 'ಅಡ್ವಾನ್ಸ್ಡ್' ಆವೃತ್ತಿಯಲ್ಲಿ ಈ ಬೆಲೆ ಕಣ್ಣಿಗೇ ಕಾಣುತ್ತಿತ್ತು. ಪ್ರತಿ ಲೆವೆಲ್‌ಗೆ ಫೈಟರ್‌ಗೆ ಹತ್ತು ಮುಖದ ಡೈಸ್‌ನಷ್ಟು ಪ್ರಾಣ, ಮಂತ್ರವಾದಿಗೆ ನಾಲ್ಕು ಮುಖದ್ದು. ಮಂತ್ರ ಹೇಳುವಾಗ ಏಟು ಬಿದ್ದರೆ ಮಂತ್ರವೇ ಹಾಳು. ಹಾಗಾಗಿ ಮುಂದೆ ನಿಂತು ಕಾಯೋಕೆ ಫೈಟರ್ ಬೇಕೇ ಬೇಕಿತ್ತು.

ಐದನೇ ಆವೃತ್ತಿಯಲ್ಲೂ ಬೆಲೆ ಇದೆ, ಆದರೆ ಅದು ದಿನದ ಲೆಕ್ಕದಲ್ಲಿದೆ. ಆ ವಿಝಾರ್ಡ್ ಹತ್ರ ಫೈರ್‌ಬಾಲ್ ಹಾಕೋ ಮಟ್ಟದ ಸ್ಲಾಟ್ ಎರಡೇ. ಸಣ್ಣ ವಿಶ್ರಾಂತಿ ತಗೊಂಡರೆ ದಿನಕ್ಕೆ ಒಮ್ಮೆ ಇನ್ನೊಂದು ವಾಪಸ್ ಬರಬಹುದು, ಅಷ್ಟೇ. ಫೈಟರ್ ಕತ್ತಿಗೆ ಇಂಥ ಲೆಕ್ಕ ಇಲ್ಲ, ದಿನವಿಡೀ ಬೀಸಬಹುದು. ಒಂದು ದಿನಕ್ಕೆ ಆರರಿಂದ ಎಂಟು ಎದುರಾಟ ತಡೆದುಕೊಳ್ಳಬಹುದು ಅಂತ 2014ರ ಡಂಜನ್ ಮಾಸ್ಟರ್ ಪುಸ್ತಕವೇ ಹೇಳುತ್ತೆ. ನಾನು ಇಡ್ತಿದ್ದದ್ದು ಒಂದು. ಆಮೇಲೆ ಎಲ್ಲರಿಗೂ ನಿದ್ದೆ! ಒಂದೇ ರಿಕ್ವೆಸ್ಟ್ ಕಳಿಸಿ ಲೋಡ್ ಟೆಸ್ಟ್ ಪಾಸ್ ಅಂದ ಹಾಗೆ.

ಹೊಡೆದಾಟದ ಆಚೆಗೂ ಇದೇ ಕಥೆ. 'ನಾಕ್' ಮಂತ್ರದಿಂದ ಬೀಗ ತೆಗೆಯುತ್ತೆ ನಿಜ, ಆದರೆ ಆ ಸದ್ದು 300 ಅಡಿ ದೂರಕ್ಕೂ ಕೇಳುತ್ತೆ ಅಂತ ನಿಯಮದಲ್ಲಿದೆ. ಕಾವಲುಗಾರರು ಓಡಿ ಬರಬೇಕಲ್ವಾ? ನಾನು ಒಮ್ಮೆಯೂ ಕಳಿಸಿರಲಿಲ್ಲ. ಕಾನ್ಸಂಟ್ರೇಶನ್ ಬೇಕಿರೋ ಮಂತ್ರ ನಡೀತಿರುವಾಗ ವಿಝಾರ್ಡ್‌ಗೆ ಏಟು ಬಿದ್ದರೆ ರೋಲ್ ಕೇಳೋದನ್ನೂ ಮರೀತಿದ್ದೆ.

ಇನ್ನೊಂದು ಮಾತು. ಫೈಟರ್‌ಗೆ ಡ್ಯಾಮೇಜ್ ಮಾತ್ರ ಕೊಟ್ಟರೆ ಸಾಲಲ್ಲ, ಮಾಡೋಕೆ ಕೆಲಸ ಕೊಡಬೇಕು. ನಮ್ಮ ಗೆಳೆಯನ ಪಾತ್ರ ಹಳೇ ಸೈನಿಕ. ಈಗ ಕೋಟೆಯ ಸಿಪಾಯಿಗಳು ಅವನನ್ನ ಗುರುತು ಹಿಡೀತಾರೆ, ವಿಝಾರ್ಡ್‌ಗೆ ಹೇಳದ ಗುಟ್ಟನ್ನ ಅವನಿಗೆ ಹೇಳ್ತಾರೆ.

ಒಂದು ಆಟಕ್ಕಾದರೂ ಬಾ ಅಂತ ಕರೆದೆ, ಬಂದ. ಸೇತುವೆ ಮೇಲೆ ಆ ದಿನದ ಐದನೇ ಹೊಡೆದಾಟ. ವಿಝಾರ್ಡ್ ಸ್ಲಾಟ್ ಎಲ್ಲ ಖಾಲಿ. "ನೀನು ನನ್ನ ಹಿಂದೆ ನಿಲ್ಲು" ಅಂದ ಫೈಟರ್. ಈಗ ಒಂದು ವಾರವೂ ತಪ್ಪಿಸಲ್ಲ.

ನಿಮ್ಮ ಟೇಬಲ್‌ನಲ್ಲಿ ಯಾರಾದರೂ ಸುಮ್ಮನೆ ಮೊಬೈಲ್ ನೋಡ್ತಾ ಕೂತಿದ್ದರೆ, ನಿಯಮ ತಿದ್ದೋಕೆ ಮುಂಚೆ ಅವರ ಪಾತ್ರ ದಿನಕ್ಕೆ ಎಷ್ಟು ಸಲ ನಿದ್ದೆ ಮಾಡುತ್ತೆ ಅಂತ ಎಣಿಸಿ ನೋಡಿ. ಮತ್ತೆ ಸಿಗೋಣ.