ಹಡಗು ತಂದ ರುಚಿ, ಹಡಗು ಹತ್ತದ ಹಣ್ಣು

ಮಳೆಗಾಲ ಮುಗಿದು ಅರಬ್ಬಿ ಸಮುದ್ರ ಶಾಂತವಾಗುತ್ತಿದ್ದಂತೆ ವಿದೇಶಿ ಪ್ರವಾಸಿಗರನ್ನು ಹೊತ್ತ ದೊಡ್ಡ ಹಡಗುಗಳು ನಮ್ಮ ಕರಾವಳಿಯತ್ತ ಬರತೊಡಗುತ್ತವೆ. ನವಮಂಗಳೂರು ಬಂದರಿನಲ್ಲಿ ಇಳಿದವರನ್ನು ಬಸ್ಸಿನಲ್ಲಿ ಕೂರಿಸಿ, ದೇವಸ್ಥಾನ, ಚರ್ಚು, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ ಎಲ್ಲವನ್ನೂ ತೋರಿಸಿ ಸಂಜೆಯೊಳಗೆ ಹಡಗಿಗೆ ಮರಳಿಸುವುದು ವಾಡಿಕೆ. ಗೋವೆಯಿಂದ ಮಂಗಳೂರಿಗೆ ಸಾಗುವ ಹಡಗು ಕಾರವಾರವನ್ನು ದಾಟಿಯೇ ಹೋಗಬೇಕು. ಒಂದು ವೇಳೆ ಇಲ್ಲಿಯೇ ಇಳಿದರೆ ಅವರಿಗೆ ಏನು ತೋರಿಸಬಹುದು, ಏನು ತಿನ್ನಿಸಬಹುದು?

ಹಡಗಿನಿಂದ ಇಳಿದು ಈ ಜಿಲ್ಲೆಯ ರುಚಿ ನೋಡಿ, ಅದನ್ನು ಬರೆದಿಟ್ಟವನೊಬ್ಬ ಆಗಲೇ ಆಗಿಹೋಗಿದ್ದಾನೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊ ದೇಶದ ಇಬ್ನ್ ಬತೂತ ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಸಾವಧಾನದಿಂದ ವರ್ಣಿಸಿದ್ದಾನೆ. ತಾಮ್ರದ ತಟ್ಟೆ, ಹೆಣ್ಣುಮಗಳೊಬ್ಬಳು ಸೌಟಿನಿಂದ ಬಡಿಸುವ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ, ಪ್ರತಿಯೊಂದಕ್ಕೂ ಮತ್ತೆ ಅನ್ನ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ ಎನ್ನುತ್ತಾನೆ. ಈ ಒಂದು ಮಾತಿನಿಂದಲೇ ಆತ ನಿಜವಾಗಿ ಇಲ್ಲಿ ಉಂಡವನೆಂದು ನಂಬಬಹುದು! ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ತಿಂದೆ ಎಂದೂ ಹೇಳಿಕೊಂಡಿದ್ದಾನೆ.

ಆ ಊಟದಲ್ಲಿ ಮೆಣಸಿನಕಾಯಿ ಇಲ್ಲ; ಇರುವುದು ಸಾಧ್ಯವೂ ಇರಲಿಲ್ಲ. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗುಗಳು ಈ ತೀರಕ್ಕೆ ಅವನ್ನು ತಂದದ್ದು 16ನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಇಲ್ಲಿ ಖಾರವೆಂದರೆ ಘಟ್ಟದ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಜನ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡರು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದು ಆ ಕಾಳುಮೆಣಸಿಗಾಗಿ, ಜೊತೆಗೆ ನಯವಾದ ಬಟ್ಟೆಗಾಗಿ. ಮೆಣಸು ಹಡಗು ಹತ್ತಿತು, ಮೆಣಸಿನಕಾಯಿ ಇಳಿಯಿತು. ಇಂದು ಕಾರವಾರದ ಬಂಗಡೆ ಸಾರಿನ ಕೆಂಪು ಬಣ್ಣ ಈ ವಿನಿಮಯದ ಫಲ.

ಹೀಗಾಗಿ ಕಾರವಾರದ ಭಾನುವಾರದ ಸಂತೆಯಲ್ಲಿ ನಿಂತ ವಿದೇಶಿಯನಿಗೆ ಅಪರಿಚಿತವಾದುದು ಅವನೆಣಿಸಿದ್ದಕ್ಕಿಂತ ಕಡಿಮೆ. ತಿರ್ಫಳವನ್ನೇ ನೋಡಿ. ಬೀಜ ಬಿಸುಟು ಸಿಪ್ಪೆಯನ್ನಷ್ಟೇ ತೆಂಗಿನಕಾಯಿ ಅರೆದ ಬಂಗಡೆ ಸಾರಿಗೆ ಹಾಕುತ್ತಾರೆ. ನಾಲಿಗೆ ಜುಮ್ಮೆನ್ನುತ್ತದೆ, ಮೀನಿನ ಜಿಡ್ಡುವಾಸನೆ ಅಡಗುತ್ತದೆ. ಚೀನಾದ ಸಿಚುವಾನ್ ಅಡುಗೆಯಲ್ಲಿ ಹೆಸರಾದ ಮೆಣಸೂ ಇದೇ ಕುಲದ್ದು. ಪಕ್ಕದಲ್ಲೇ ಒಣಗಿಸಿದ ಮುರುಗಲು ಸಿಪ್ಪೆಯ ರಾಶಿ. ಅದನ್ನು ನೆನೆಸಿ, ತೆಂಗಿನ ಹಾಲು ಬೆರೆಸಿದರೆ ಗುಲಾಬಿ ಬಣ್ಣದ ಸೋಲ್‌ಕಡಿ. ಸೊಪ್ಪು, ಗಡ್ಡೆಗಳನ್ನು ಮಾರುವವರಲ್ಲಿ ಕೊರಳ ತುಂಬ ಕರಿಮಣಿ ಸರ ಧರಿಸಿದ ಹಾಲಕ್ಕಿ ಒಕ್ಕಲಿಗ ಹೆಂಗಸರನ್ನು ಕಾಣಬಹುದು. ಪ್ರವಾಸಿಗರ ಕ್ಯಾಮೆರಾ ಮೊದಲು ತಿರುಗುವುದು ಅವರತ್ತಲೇ. ಕಟ್ಟು ಸೊಪ್ಪು ಕೊಂಡ ಮೇಲೆ ಚಿತ್ರ ತೆಗೆಯುವುದು ಒಳ್ಳೆಯದೆಂದು ಮಾರ್ಗದರ್ಶಿ ಹೇಳಿಕೊಡಬೇಕು.

ಮೀನು ಪೇಟೆ ಪೂರಾ ಹೆಂಗಸರದೇ ರಾಜ್ಯ. ತಾಜಾ ಮೀನು ಎಲ್ಲ ಕಾಲಕ್ಕೂ ಒಂದೇ ರೀತಿ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಮನೆಮನೆಯಲ್ಲಿ ಒಲೆಗೆ ಬರುವುದು ಬೇಸಿಗೆಯಲ್ಲಿ ಉಪ್ಪು ಹಚ್ಚಿ ಒಣಗಿಸಿಟ್ಟ ಮೀನು. ಉಪ್ಪಿನ ಬೆಲೆ ಈ ಸೀಮೆಗೆ ಚೆನ್ನಾಗಿ ಗೊತ್ತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲಾದಲ್ಲಿ ಉಪ್ಪಿನ ಕಾಯಿದೆ ಮುರಿದಾಗ ಸುತ್ತಲ ಹಳ್ಳಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ಸೇರಿದ್ದರು.

ಮೀನು ಒಣಗಿಸಲು ಉಪ್ಪು, ಬಿಸಿಲಿನಷ್ಟೇ ದಂಡೆಯೂ ಬೇಕು. ತೊಡಕಿರುವುದು ಇಲ್ಲಿ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದರು. ಅಂಕೋಲಾದ ಕೇಣಿಯಲ್ಲಿ ಯೋಜಿಸಿದ ಹೊಸ ಬಂದರಿನ ವಿರುದ್ಧ 2025ರಲ್ಲಿ ಮತ್ತೆ ಅದೇ ಆಯಿತು. ಇವು ಸರಕು ಬಂದರುಗಳೇ ಹೊರತು ಪ್ರವಾಸಿ ಹಡಗಿಗೆಂದು ಯೋಜಿಸಿದವಲ್ಲ, ನಿಜ. ಆದರೆ ದೊಡ್ಡ ಹಡಗು ಯಾವುದೇ ಆಗಲಿ, ಅದಕ್ಕೆ ಆಳವಾದ ನೀರು, ಧಕ್ಕೆ, ತಡೆಗೋಡೆ ಬೇಕು. ಸಣ್ಣ ದೋಣಿಗೆ ಬೇಕಾದದ್ದು ಎಳೆದು ನಿಲ್ಲಿಸಲು ಒಂದಿಷ್ಟು ಮರಳು. ರುಚಿ ತೋರಿಸಲು ಪ್ರವಾಸಿಗರನ್ನು ಕರೆಯುವವರು, ಆ ಮೀನನ್ನು ಬುಟ್ಟಿಗೆ ತುಂಬುವವಳ ದಂಡೆ ಉಳಿದಿದೆಯೇ ಎಂದು ಮೊದಲು ನೋಡಬೇಕಾಗುತ್ತದೆ.

ಇನ್ನು ಅಂಕೋಲಾದ ಕರಿ ಇಶಾಡು ಮಾವು. ಇಶಾಡಿನಲ್ಲಿ ಕರಿ, ಬಿಳಿ ಎಂದು ಎರಡು ಬಗೆ. ಬಿಳಿಯದರ ಸಿಪ್ಪೆ ದಪ್ಪ, ಸಿಹಿ ಕಡಿಮೆ. ಕರಿಯದು ತೆಳು ಸಿಪ್ಪೆಯ, ತುಂಬು ತಿರುಳಿನ, ಬಲು ಸಿಹಿಯಾದ ಹಣ್ಣು. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಆ ತೆಳು ಸಿಪ್ಪೆಯೇ ಅದರ ಶತ್ರು. ಕೊಯ್ದ ಮೇಲೆ ಹೆಚ್ಚು ದಿನ ಇಡುವಂತಿಲ್ಲ, ಪೆಟ್ಟಿಗೆಯಲ್ಲಿ ತುಂಬಿ ದೂರ ಕಳಿಸಿದರೆ ಜಜ್ಜಿ ಹೋಗುತ್ತದೆ. ಆಪೂಸು ದೇಶಾಂತರ ಹೋಯಿತು, ಇಶಾಡು ಅಂಕೋಲಾದ ಆಸುಪಾಸಿನಲ್ಲೇ ಉಳಿಯಿತು. ಹಣ್ಣು ಬರುವುದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಪ್ರವಾಸಿ ಹಡಗುಗಳ ಋತು ಮುಗಿಯುತ್ತ ಬಂದಿರುತ್ತದೆ. ಇಶಾಡು ತಿನ್ನಲೇಬೇಕೆನ್ನುವವರು ಬೇಸಿಗೆಯ ಬಿಸಿಲಿನಲ್ಲಿ ಬಸ್ಸನ್ನೋ ಕೊಂಕಣ ರೈಲನ್ನೋ ಹಿಡಿದು ಬರಬೇಕು.